ಇಂಗ್ಲಿಷರೆಂಬ ಒಂದೇ ಹೆಸರು
ಶ್ರೀರಂಗಪಟ್ಟಣದ ಕೋಟೆಯೊಳಗೆ ಕರ್ನಲ್ ಬೈಲಿಯ ಸೆರೆಮನೆಗೆ ಇಳಿದವರು, ಇಟ್ಟಿಗೆಯ ಕಮಾನುಗಳ ಕೆಳಗೆ ಗೋಡೆಯಿಂದ ಹೊರಚಾಚಿರುವ, ಸಂಕೋಲೆಗೆಂದು ರಂಧ್ರ ಕೊರೆದ ಕಲ್ಲುಚಪ್ಪಡಿಗಳನ್ನು ಮುಟ್ಟಿನೋಡಿ, ಇಂಗ್ಲಿಷರನ್ನು ಕಟ್ಟಿಹಾಕಿದ್ದು ಇಲ್ಲಿಯೇ ಎಂದುಕೊಳ್ಳುವುದು ವಾಡಿಕೆ. ಆದರೆ 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ, 1782ರಲ್ಲಿ ಈ ಪಟ್ಟಣದಲ್ಲಿಯೇ ಮಡಿದ ವಿಲಿಯಂ ಬೈಲಿ ಸ್ಕಾಟ್ಲೆಂಡಿನವನು; ಅದೇ ಯುದ್ಧದಲ್ಲಿ ಬಂಧಿತನಾಗಿ ಮೂರು ವರ್ಷಕ್ಕೂ ಮಿಗಿಲಾಗಿ ಇಲ್ಲಿ ಸೆರೆವಾಸವನ್ನನುಭವಿಸಿ, 1799ರ ಮೇ 4ರಂದು ಇದೇ ಕೋಟೆಗೆ ಲಗ್ಗೆಯಿಟ್ಟ ದಂಡನ್ನು ನಡೆಸಿದ ಡೇವಿಡ್ ಬೇರ್ಡನೂ ಸ್ಕಾಟನೇ; ಅನಂತರ ಪಟ್ಟಣದ ಅಧಿಕಾರ ವಹಿಸಿದ ಆರ್ಥರ್ ವೆಲ್ಲೆಸ್ಲಿಯಾದರೋ ಐರ್ಲೆಂಡಿನಲ್ಲಿ ಜನಿಸಿದ ಆಂಗ್ಲಮೂಲದ ಮನೆತನದವನು.

1707ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಒಂದೇ ರಾಜ್ಯವಾದವು. ಆದರೂ ಸ್ಕಾಟಿಷ್ ಬೆಟ್ಟನಾಡಿನ ಗೇಲಿಕ್, ಐರಿಷ್ ಹಾಗೂ ವೆಲ್ಷ್ ನುಡಿಗಳು ಕೆಲ್ಟಿಕ್ ವಂಶದವಾಗಿಯೇ, ಇಂಗ್ಲಿಷ್ ಜರ್ಮಾನಿಕ್ ವಂಶದ್ದಾಗಿಯೇ ಉಳಿದುವು. ನಮ್ಮವರ ಬಾಯಲ್ಲಿ ಮಾತ್ರ ಎಲ್ಲರೂ ಇಂಗ್ಲಿಷರೇ ಆದರು. ಇದನ್ನು ಅಜ್ಞಾನವೆನ್ನಲು ನನಗೆ ಮನಸ್ಸು ಬಾರದು; ಕೆಂಪು ಅಂಗಿ ತೊಟ್ಟು ಬಂದ ಸೈನಿಕನ ಕುಲವನ್ನು ಕೇಳುವ ವ್ಯವಧಾನ ಯಾರಿಗಿತ್ತು?

ಹೆಸರು ನೆಲಕ್ಕೂ ಅಂಟುತ್ತದೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ದಳಗಳು ಬೀಡುಬಿಟ್ಟಿದ್ದರಿಂದ, ಹಿರೋಡೆಯೆಂಬ ಊರು ಫ್ರೆಂಚ್ ರಾಕ್ಸ್ ಎನಿಸಿಕೊಂಡು, ಬಹುಕಾಲದ ಮೇಲೆ ಪಾಂಡವಪುರವಾಯಿತು.