ನಲವತ್ತರ ನಂತರ ಕಡಲಾಚೆಯ ಇಂಗ್ಲಿಷ್ ಪಾಠ

ಬಳ್ಳಾರಿ–ಹೊಸಪೇಟೆ ಕಡೆಯ ಕಬ್ಬಿಣದ ಅದಿರು ಅಂಕೋಲಾ ತಾಲ್ಲೂಕಿನ ಬೇಲೆಕೇರಿಯಲ್ಲಿ ಹಡಗೇರುತ್ತಿದ್ದ ವರ್ಷಗಳಲ್ಲಿ, ತೂಕದ ಚೀಟಿ, ಸುಂಕದ ಕಾಗದಪತ್ರ, ಹಡಗು ಏಜೆನ್ಸಿಯ ಪತ್ರವ್ಯವಹಾರ ಮುಂತಾದ ಇಂಗ್ಲಿಷಿನಲ್ಲೇ ನಡೆಯುವ ಕೆಲಸಗಳಿಗೆ ಓದಿದವರು ಬೇಕಾಗುತ್ತಿದ್ದರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿದಾಗ ಆ ವ್ಯವಹಾರ ನಿಂತುಹೋಯಿತು. ಇತ್ತ ಕಾರವಾರದ ಸಮೀಪದ ಅರಗಾದಲ್ಲಿ 2005ರಲ್ಲಿ ಐಎನ್ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ನೌಕಾಪಡೆಯ ನಾವಿಕರಾದರೋ ಹದಿನೈದು–ಇಪ್ಪತ್ತು ವರ್ಷಗಳ ಸೇವೆ ಮುಗಿಸಿ ಇನ್ನೂ ನಲವತ್ತರ ಆಸುಪಾಸಿನಲ್ಲಿರುವಾಗಲೇ ನಿವೃತ್ತರಾಗಿ ಎರಡನೆಯ ವೃತ್ತಿ ಹುಡುಕಬೇಕಾದವರು. ಹೀಗೆ ಅರ್ಧ ಆಯುಷ್ಯ ಒಂದು ಕಸುಬಿನಲ್ಲಿ ಕಳೆದು, ಕೈಯಲ್ಲಿ ಪದವಿಯೂ ನಾಲಿಗೆಯ ಮೇಲೆ ಇಂಗ್ಲಿಷೂ ಇರುವವರಿಗೆ ವಿದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಆಕರ್ಷಕವಾಗಿ ಕಾಣುವುದು ಸಹಜ. 1956ರವರೆಗೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು, ಹೊಟ್ಟೆಪಾಡಿಗೆ ಮುಂಬಯಿಗೂ ಆಮೇಲೆ ಕೊಲ್ಲಿ ದೇಶಗಳಿಗೂ ಹೊರಟುಹೋಗುವ ರೂಢಿಯಿರುವ ಈ ಕರಾವಳಿಯಲ್ಲಿ ಊರು ಬಿಡುವುದು ಹೊಸ ಮಾತಲ್ಲ. ಯಾವ ದೇಶದ ಬಾಗಿಲು ಯಾರಿಗೆ ತೆರೆದಿದೆ ಎಂಬುದನ್ನು ಮೊದಲೇ ತಿಳಿಯದೆ ಹೊರಡುವುದೇ ತೊಂದರೆಯ ಮೂಲ.

ಜಾಹೀರಾತುಗಳಲ್ಲಿ ಹೆಚ್ಚಾಗಿ ಕಾಣುವುದು ಪೂರ್ವ ಏಷ್ಯಾದ ಭಾಷಾ ತರಬೇತಿ ಕೇಂದ್ರಗಳ ಕೆಲಸ. ಇಲ್ಲಿ ಭಾರತೀಯರಿಗೆ ಎದುರಾಗುವ ಗೋಡೆಯೆಂದರೆ ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವ ದೇಶದ ಪ್ರಜೆಯೇ ಬೇಕೆಂಬ ನಿಯಮ. ಕಾಶ್ಮೀರ ಮೂಲದ ಭಾಷಾವಿಜ್ಞಾನಿ ಬ್ರಜ್ ಕಾಚ್ರು 1985ರಲ್ಲಿ ಇಂಗ್ಲಿಷ್ ಬಳಸುವ ಜಗತ್ತನ್ನು ಮೂರು ವೃತ್ತಗಳಾಗಿ ವಿಂಗಡಿಸಿದರು: ಅದು ತಾಯ್ನುಡಿಯಾಗಿರುವ ಬ್ರಿಟನ್, ಅಮೆರಿಕಗಳಂಥ ದೇಶಗಳದು ಒಳವೃತ್ತ, ವಸಾಹತು ಆಳ್ವಿಕೆಯಿಂದ ಬಂದು ಆಡಳಿತ, ಶಿಕ್ಷಣಗಳಲ್ಲಿ ನೆಲೆನಿಂತಿರುವ ಭಾರತದಂಥ ದೇಶಗಳದು ಹೊರವೃತ್ತ, ವಿದೇಶೀ ಭಾಷೆಯಾಗಿ ಕಲಿಯುವ ಚೀನಾ, ಕೊರಿಯಾಗಳಂಥವುಗಳದು ವಿಸ್ತರಿಸುತ್ತಿರುವ ವೃತ್ತ. ನೇಮಕಾತಿಯ ನಿಯಮಗಳು ಮಾತ್ರ ಇಂದಿಗೂ ಬಹುಮಟ್ಟಿಗೆ ಒಳವೃತ್ತವನ್ನೇ ಹಿಡಿದು ಕುಳಿತಿವೆ. ದಕ್ಷಿಣ ಕೊರಿಯಾ ಭಾಷಾ ಬೋಧಕರ ವೀಸಾವನ್ನು ಮುಖ್ಯವಾಗಿ ಏಳು ದೇಶಗಳ ಪ್ರಜೆಗಳಿಗಷ್ಟೇ ಕೊಡುತ್ತದೆ. ಆದರೆ 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಸಹಭಾಗಿತ್ವ ಒಪ್ಪಂದದ ಪ್ರಕಾರ, ಪದವಿಯೊಂದಿಗೆ ಶಿಕ್ಷಕ ಅರ್ಹತೆಯ ಪ್ರಮಾಣಪತ್ರವೂ ಇರುವ ಭಾರತೀಯರು ಅಲ್ಲಿನ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಲು ಅವಕಾಶವಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಥಾಯ್ಲೆಂಡಿನಲ್ಲಿ ತಾಯ್ನುಡಿಯವರಲ್ಲದವರಿಂದ ಸಾಮಾನ್ಯವಾಗಿ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 600ರಷ್ಟು ಅಂಕ ಕೇಳುತ್ತಾರೆ. ಚೀನಾ 2021ರ ಜುಲೈನಲ್ಲಿ ಖಾಸಗಿ ಮನೆಪಾಠದ ಉದ್ಯಮಕ್ಕೆ ಕಡಿವಾಣ ಹಾಕಿದ ಮೇಲೆ ಅಲ್ಲಿನ ಮಾರುಕಟ್ಟೆಯೇ ಕುಗ್ಗಿದೆ.

ಬೇಲೆಕೇರಿಯ ಅಭ್ಯರ್ಥಿಗೆ ಹೆಚ್ಚು ಹತ್ತಿರದ್ದು ಇನ್ನೊಂದು ಮಾರುಕಟ್ಟೆ, ಅಂದರೆ ಇಂಗ್ಲಿಷ್ ಮಾಧ್ಯಮದ ಶಾಲೆಗಳದು. 1975ರಲ್ಲಿ ಆರಂಭವಾದ ಮಸ್ಕತ್ತಿನ ಇಂಡಿಯನ್ ಸ್ಕೂಲಿನಂತೆ ಕೊಲ್ಲಿಯುದ್ದಕ್ಕೂ ಸಿಬಿಎಸ್ಇ ಪಠ್ಯಕ್ರಮದ ಶಾಲೆಗಳಿವೆ. ಮಾಲ್ಡೀವ್ಸಿನ ದ್ವೀಪಶಾಲೆಗಳಲ್ಲಿ ಭಾರತೀಯ ಶಿಕ್ಷಕರು ದಶಕಗಳಿಂದ ದುಡಿಯುತ್ತಿದ್ದಾರೆ. ಇಲ್ಲಿ ಉಚ್ಚಾರಣೆಯ ಮೂಲವನ್ನು ಕೇಳುವವರು ಕಡಿಮೆ, ಬಿ.ಎಡ್. ಇದೆಯೇ ಎಂದು ಕೇಳುವವರು ಹೆಚ್ಚು. ನಡುವಯಸ್ಸಿನವರು ಎಡವುವುದೂ ಇದೇ ಪ್ರಶ್ನೆಯಲ್ಲಿ: 2015ರಿಂದ ಬಿ.ಎಡ್. ಎರಡು ವರ್ಷಗಳ ಕೋರ್ಸಾಗಿದೆ, ದೂರಶಿಕ್ಷಣದ ಬಿ.ಎಡ್. ಮುಖ್ಯವಾಗಿ ಈಗಾಗಲೇ ತರಬೇತಿ ಪಡೆದು ಪಾಠ ಮಾಡುತ್ತಿರುವವರಿಗೆಂದೇ ಇರುವುದರಿಂದ, ಬೇರೆ ಕಸುಬಿನಿಂದ ಬರುವವರು ಎರಡು ವರ್ಷ ಸಂಪಾದನೆ ಬದಿಗಿಟ್ಟು ಕಾಲೇಜಿಗೆ ಹೋಗಬೇಕಾಗುತ್ತದೆ. ಅದಕ್ಕಿಂತ ಚಿಕ್ಕ ದಾರಿಗಳೂ ಇವೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವುದರಲ್ಲಿ ಆರು ತಿಂಗಳ ಪ್ರಮಾಣಪತ್ರ ಕೋರ್ಸನ್ನು ನಡೆಸುತ್ತದೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಸ್ನಾತಕೋತ್ತರ ಪ್ರಮಾಣಪತ್ರವಿದೆ. ಕೇಂಬ್ರಿಜಿನ ಸೆಲ್ಟಾ ಕೋರ್ಸು ಕನಿಷ್ಠ 120 ಗಂಟೆಗಳದಾಗಿದ್ದು, ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ, ಪರೀಕ್ಷಕರ ಕಣ್ಣೆದುರಿನಲ್ಲೇ ಪಾಠ ಮಾಡಬೇಕು. ತರಗತಿಯ ಮುಖ ನೋಡದೆ ಮನೆಯಲ್ಲೇ ಕುಳಿತು ಒಂದೆರಡು ವಾರದಲ್ಲಿ ಪಡೆಯಬಹುದಾದ ಅಂತರಜಾಲದ ಅಗ್ಗದ ಪ್ರಮಾಣಪತ್ರಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಈ ಆರು ಗಂಟೆಗಳದ್ದೇ. ಆದರೆ ಶಾಲೆಗಳು ಕೇಳುವ ಬಿ.ಎಡ್.ಗೆ ಇವು ಯಾವುವೂ ಪೂರ್ಣ ಬದಲಿಯಾಗುವುದಿಲ್ಲ; ಭಾಷಾ ಕೇಂದ್ರಗಳಿಗೆ ಸಲ್ಲುವ ಅರ್ಹತೆಯೇ ಬೇರೆ, ಶಾಲೆಗಳಿಗೆ ಸಲ್ಲುವುದೇ ಬೇರೆ.

ಈ ತರಬೇತಿಗಳಲ್ಲಿ ಹೇಳಿಕೊಡುವ ಕಾರ್ಯಾಧಾರಿತ ಬೋಧನೆಯ ಒಂದು ಮುಖ್ಯ ಬೇರು ಕರ್ನಾಟಕದಲ್ಲೇ ಇದೆ ಎಂಬುದನ್ನು ಇಲ್ಲಿನ ಅಭ್ಯರ್ಥಿಗಳು ಸಂದರ್ಶನದಲ್ಲಿ ಅಪರೂಪಕ್ಕೂ ಹೇಳಿಕೊಳ್ಳುವುದಿಲ್ಲ. 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಲ್ಲಿ, ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನ ಭಾಷಾ ಶಿಕ್ಷಕರಲ್ಲಿ ಬೆಂಗಳೂರು ಯೋಜನೆ ಎಂದೇ ಹೆಸರಾಗಿದೆ. ವ್ಯಾಕರಣದ ನಿಯಮವನ್ನು ಮೊದಲು ಹೇಳಿ ಉದಾಹರಣೆ ಬರೆಸುವ ಬದಲು, ಮಕ್ಕಳ ಗಮನವೆಲ್ಲ ಒಂದು ಸಮಸ್ಯೆಯನ್ನು ಬಿಡಿಸುವುದರ ಮೇಲಿರಬೇಕು, ಭಾಷೆ ಆ ಯತ್ನದಲ್ಲಿ ತಾನಾಗಿ ಒಳಗಿಳಿಯಬೇಕು ಎಂಬುದು ಅದರ ತಿರುಳು. ರೈಲಿನ ವೇಳಾಪಟ್ಟಿ ಓದಿ ನಿರ್ಧಾರ ಹೇಳುವುದು ಪ್ರಭು ಬಳಸಿದ ಕಾರ್ಯಗಳಲ್ಲಿ ಒಂದು. ಕೊಂಕಣ ರೈಲ್ವೆಯ ವೇಳಾಪಟ್ಟಿಯನ್ನು ಮುಂದಿಟ್ಟು, ಬೆಳಿಗ್ಗೆ ಅಂಕೋಲಾ ಬಿಟ್ಟು ಮಡಗಾಂವಿನಲ್ಲಿ ಎರಡು ಗಂಟೆಯ ಕೆಲಸ ಮುಗಿಸಿ ಕತ್ತಲಾಗುವುದರೊಳಗೆ ಮರಳಲು ಯಾವ ಎರಡು ರೈಲು ಹಿಡಿಯಬೇಕು, ಒಂದು ತಾಸು ತಡವಾದರೆ ಏನು ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದರೆ, ಉತ್ತರಿಸುವವರು ಕಾಲಸೂಚಕಗಳನ್ನೂ ಷರತ್ತಿನ ವಾಕ್ಯಗಳನ್ನೂ ತಮಗರಿವಿಲ್ಲದೆ ಬಳಸತೊಡಗುತ್ತಾರೆ. ನೇಮಕಾತಿಗೆ ಮುನ್ನ ಕೇಳುವ ಮಾದರಿ ಪಾಠಕ್ಕೆ, ಅಂದರೆ ಡೆಮೋ ಕ್ಲಾಸಿಗೆ, ಇದಕ್ಕಿಂತ ಸರಳ ಸಾಮಗ್ರಿ ಬೇಕಿಲ್ಲ.

ನಡುವಯಸ್ಸಿನವರ ನಿಜವಾದ ಬಂಡವಾಳ ಹಳೆಯ ಕಸುಬೇ ಎಂಬುದು ಮಾತ್ರ ಈ ರಂಗದಲ್ಲಿ ಹೆಚ್ಚಾಗಿ ಕಡೆಗಣಿತವಾದ ಸಂಗತಿ. ನಿರ್ದಿಷ್ಟ ವೃತ್ತಿಗೆ ಬೇಕಾದ ಇಂಗ್ಲಿಷನ್ನಷ್ಟೇ ಕಲಿಸುವ ಶಾಖೆಯೊಂದು ಬೆಳೆದಿದ್ದು, ದಾದಿಯರಿಗೆ, ವಿಮಾನ ಚಾಲಕರಿಗೆ, ನಾವಿಕರಿಗೆ ಬೇರೆಬೇರೆ ಪಾಠಕ್ರಮಗಳಿವೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ನೌಕಾ ಸಂವಹನದ ಪ್ರಮಾಣಿತ ನುಡಿಗಟ್ಟುಗಳಲ್ಲಿ 150 ಎಂಬ ಸಂಖ್ಯೆಯನ್ನು ವನ್–ಫೈವ್–ಝೀರೋ ಎಂದು ಅಂಕಿ ಬಿಡಿಸಿಯೇ ಹೇಳಬೇಕು. ಮಾತಿಗೆ ಮುನ್ನ ಅದು ಎಚ್ಚರಿಕೆಯೋ, ಸಲಹೆಯೋ, ಪ್ರಶ್ನೆಯೋ, ಉದ್ದೇಶವೋ ಎಂದು ಸೂಚಿಸುವ ಎಂಟು ಗುರುತುಪದಗಳಿವೆ. ಮೇ, ಮೈಟ್, ಶುಡ್, ಕುಡ್‌ಗಳಂಥ ಇಬ್ಬಗೆಯ ಅರ್ಥ ಕೊಡುವ ಕ್ರಿಯಾಪದಗಳನ್ನು ಬಿಟ್ಟುಬಿಡಬೇಕು. ಸಾಹಿತ್ಯದ ಎಂ.ಎ. ಮಾಡಿದ ಇಪ್ಪತ್ತೈದರ ಶಿಕ್ಷಕರಿಗೆ ಈ ನಿಯಮಗಳು ಬಾಯಿಪಾಠದ ವಸ್ತುವಾದರೆ, ಹಡಗಿನ ಸೇತುಕೋಣೆಯಲ್ಲಿಯೋ ಬಂದರಿನ ನಿಯಂತ್ರಣ ಕೊಠಡಿಯಲ್ಲಿಯೋ ವರ್ಷಗಟ್ಟಲೆ ರೇಡಿಯೋ ಹಿಡಿದವರಿಗೆ ಅವುಗಳ ಕಾರಣ ಗೊತ್ತಿರುತ್ತದೆ. ಒಮಾನಿನ ಸೋಹಾರಿನಲ್ಲಿರುವ ಕಡಲ ಕಾಲೇಜಿನಂಥ ಸಂಸ್ಥೆಗಳಿಗೆ ಅರ್ಜಿ ಹಾಕುವ ನಿವೃತ್ತ ನಾವಿಕರು ತಮ್ಮ ವಯಸ್ಸನ್ನು ಮರೆಮಾಚುವುದಕ್ಕಿಂತ ಸೇವಾ ದಾಖಲೆಯನ್ನು ಮೊದಲ ಪುಟದಲ್ಲಿಡುವುದು ಲೇಸು.

ಕಾಗದಪತ್ರದ ಕೆಲಸ ನೀರಸವಾದರೂ ಹೆಚ್ಚು ಕಾಲ ನುಂಗುವುದು ಅದೇ. ಪದವಿ ಪ್ರಮಾಣಪತ್ರ ಅಸಲಿಯೆಂದು ಮೊದಲು ರಾಜ್ಯದ ಇಲಾಖೆ, ಆನಂತರ ವಿದೇಶಾಂಗ ಸಚಿವಾಲಯ ದೃಢೀಕರಿಸಬೇಕು. ಭಾರತ 2005ರಲ್ಲಿ ಸೇರಿದ ಹೇಗ್ ಒಪ್ಪಂದದ ಸದಸ್ಯ ದೇಶಗಳಿಗೆ ಸಚಿವಾಲಯದ ಅಪೊಸ್ಟಿಲ್ ಎಂಬ ಒಂದೇ ಮುದ್ರೆ ಸಾಕು. ಒಮಾನ್ ಈ ಗುಂಪಿನಲ್ಲಿದೆ, ಆದರೆ ಸಂಯುಕ್ತ ಅರಬ್ ಸಂಸ್ಥಾನಕ್ಕೆ ಅದರ ರಾಯಭಾರ ಕಚೇರಿಯ ದೃಢೀಕರಣವೂ ಬೇಕಾಗುತ್ತದೆ. ಅಂಕೋಲೆಯ ಗೋಖಲೆ ಶತಾಬ್ದಿ ಕಾಲೇಜಿನಲ್ಲಿ ಓದಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದವರಿಗೆ ಎದುರಾಗಬಹುದಾದ ಇನ್ನೊಂದು ತೊಡಕು ಹೆಸರಿನದು: ಈ ಭಾಗದ ನಾಯಕ, ನಾಯ್ಕ ಮುಂತಾದ ಅಡ್ಡಹೆಸರುಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಕಾಗುಣಿತದಲ್ಲಿ, ಪಾಸ್‌ಪೋರ್ಟಿನಲ್ಲಿ ಮತ್ತೊಂದರಲ್ಲಿ ಅಚ್ಚಾಗಿದ್ದರೆ, ಅಥವಾ ತಂದೆಯ ಹೆಸರು ಒಂದರಲ್ಲಿ ಪೂರ್ತಿಯಾಗಿ, ಇನ್ನೊಂದರಲ್ಲಿ ಇನಿಷಿಯಲ್ ಆಗಿದ್ದರೆ, ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರಕ್ಕಾಗಿ ಓಡಾಡಬೇಕಾಗುತ್ತದೆ. ಇದನ್ನು ಕೆಲಸ ಸಿಕ್ಕ ಮೇಲೆ ಸರಿಪಡಿಸಲು ಹೊರಟರೆ ಶಾಲೆ ಕಾಯುವುದಿಲ್ಲ.

ಏಜೆಂಟರ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1983ರ ವಲಸೆ ಕಾಯಿದೆಯಡಿ ನೋಂದಾಯಿತರಾದವರು ಮಾತ್ರ ವಿದೇಶೀ ಕೆಲಸಕ್ಕೆ ಜನರನ್ನು ನೇಮಿಸಿಕೊಡಬಹುದು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ನೋಂದಣಿ ನಿಜವೇ ಎಂಬುದನ್ನು ಕೇಂದ್ರ ಸರ್ಕಾರದ ಇ–ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಸದ್ಯ ಪ್ರವಾಸಿ ವೀಸಾದಲ್ಲಿ ಬನ್ನಿ, ಅಲ್ಲಿ ಬದಲಾಯಿಸೋಣ ಎನ್ನುವ ಮಾತಿಗೆ ಒಪ್ಪಿದವರಿಗೆ ಸಂಬಳ ತಪ್ಪಿದರೆ ದೂರು ಕೊಡಲು ಕಾನೂನಿನ ಆಸರೆಯೇ ಇರುವುದಿಲ್ಲ. ಥಾಯ್ಲೆಂಡಿನ ಕೆಲಸವೆಂದು ಹೇಳಿ ಮ್ಯಾನ್ಮಾರಿನ ಸೈಬರ್ ವಂಚನೆಯ ಅಡ್ಡೆಗಳಿಗೆ ಭಾರತೀಯರನ್ನು ಸಾಗಿಸಿದ ಪ್ರಕರಣಗಳು ಬಯಲಾದಾಗ, 2022ರಲ್ಲಿ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಹೊರಡಿಸಬೇಕಾಯಿತು. ಕರಾರಿಗೆ ಸಹಿ ಹಾಕುವಾಗ ಒಟ್ಟು ಸಂಬಳಕ್ಕಿಂತ ಮೂಲವೇತನದ ಅಂಕಿಯನ್ನು ಗಮನಿಸಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸೇವಾಂತ್ಯದ ಉಪದಾನವನ್ನು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆಮೇಲೆ 30 ದಿನಗಳ ಮೂಲವೇತನದಂತೆ ಲೆಕ್ಕ ಹಾಕುವುದರಿಂದ, ವಸತಿ–ಸಾರಿಗೆ ಭತ್ಯೆಗಳನ್ನು ಹಿಗ್ಗಿಸಿ ಮೂಲವೇತನವನ್ನು ಕುಗ್ಗಿಸಿದ ಕರಾರು, ಪಿಂಚಣಿಯಿಲ್ಲದೆ ಊರಿಗೆ ಮರಳಬೇಕಾದ ಐವತ್ತರ ಶಿಕ್ಷಕರಿಗೆ ಎಷ್ಟು ನಷ್ಟ ತರುತ್ತದೆ ಎಂಬುದನ್ನು ಸಹಿಗೆ ಮೊದಲೇ ಕಾಗದದ ಮೇಲೆ ಲೆಕ್ಕ ಮಾಡಿ ನೋಡಬಹುದು.