ನಿದ್ರೆ ಬಾರದ ಇರುಳು: ಮನಸ್ಸಿಗೆ ವಿಶ್ರಾಂತಿ ನೀಡುವ ಬಗೆ

ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಆಯುರ್ವೇದವು ಶರೀರದ ಉಪಸ್ತಂಭಗಳೆಂದು ಕರೆದಿದೆ. ಮನೆಯ ಭಾರವನ್ನು ಕಂಬಗಳು ಹೊರುವಂತೆ ದೇಹದ ಭಾರವನ್ನು ಇವು ಹೊರುತ್ತವೆ. ಸುಖ ಮತ್ತು ದುಃಖ, ಪುಷ್ಟಿ ಮತ್ತು ಕೃಶತೆ, ಬಲ ಮತ್ತು ದೌರ್ಬಲ್ಯ, ಜ್ಞಾನ ಮತ್ತು ಅಜ್ಞಾನ, ಕೊನೆಗೆ ಜೀವನ ಮತ್ತು ಮರಣಗಳೂ ನಿದ್ರೆಯನ್ನು ಅವಲಂಬಿಸಿವೆ ಎಂಬ ಅಭಿಪ್ರಾಯ ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿದೆ. ಆದರೂ ಆಹಾರದ ವಿಷಯದಲ್ಲಿ ನಾವು ತೋರುವ ಕಾಳಜಿಯನ್ನು ನಿದ್ರೆಯ ವಿಷಯದಲ್ಲಿ ತೋರುವುದು ವಿರಳ. ಒಂದು ಹೊತ್ತು ಊಟ ಬಿಟ್ಟವರನ್ನು ಮನೆಮಂದಿಯೆಲ್ಲ ವಿಚಾರಿಸುತ್ತಾರೆ. ನಿದ್ರೆಗೆಟ್ಟವರು ಮಾತ್ರ ಎಲ್ಲರೂ ಮಲಗಿದ ಮನೆಯಲ್ಲಿ ಒಬ್ಬರೇ ಮಗ್ಗುಲು ಬದಲಿಸುತ್ತಿರುತ್ತಾರೆ.

ನಮ್ಮ ಚಿಕಿತ್ಸಾಲಯಕ್ಕೆ ಬರುವ ಇಂಥವರಲ್ಲಿ ಬಹುತೇಕರು ಹೇಳುವ ಮಾತು ಒಂದೇ: “ಡಾಕ್ಟರೇ, ಮೈ ದಣಿದಿರುತ್ತದೆ, ಮನಸ್ಸು ಮಾತ್ರ ಸುಮ್ಮನಾಗುವುದಿಲ್ಲ.” ಹಗಲೆಲ್ಲ ನೆನಪಿಗೆ ಬಾರದ ಸಾಲ, ಮಗಳ ಮದುವೆ, ಅಣ್ಣತಮ್ಮಂದಿರ ಆಸ್ತಿಯ ವ್ಯಾಜ್ಯ, ಎಂದೋ ಯಾರೋ ಆಡಿದ ನೋಯಿಸುವ ಮಾತು, ಇವೆಲ್ಲ ದೀಪ ಆರಿಸಿದೊಡನೆ ಸಾಲುಗಟ್ಟಿ ಬರುತ್ತವೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಸಂಸಾರಸ್ಥರಾದವರಿಗೆ ಚಿಂತೆಯೇ ಇಲ್ಲದ ದಿನವೆಲ್ಲಿ? ಆದುದರಿಂದ ಚಿಂತೆಯ ನಡುವೆಯೂ ನಿದ್ರಿಸುವ ಬಗೆಯನ್ನು ತಿಳಿಯಬೇಕಾಗಿದೆ.

ನಿದ್ರಾನಾಶದ ಐದು ಕಾರಣಗಳು

ಕಾರ್ಯ, ಕಾಲ, ವಿಕಾರ, ಪ್ರಕೃತಿ ಮತ್ತು ವಾತ, ಈ ಐದನ್ನು ಚರಕರು ನಿದ್ರಾನಾಶಕ್ಕೆ ಕಾರಣಗಳೆಂದು ಹೇಳುತ್ತಾರೆ. ರಾತ್ರಿಯ ತ್ರೀಫೇಸ್ ಕರೆಂಟಿಗಾಗಿ ಕಾದು ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವ ರೈತರು, ರಾತ್ರಿ ಪಾಳಿಯ ನೌಕರರು, ವಿದೇಶದಲ್ಲಿರುವ ಮಗನ ಫೋನಿಗಾಗಿ ಹನ್ನೊಂದರವರೆಗೆ ಎಚ್ಚರವಿರುವ ತಂದೆತಾಯಿಗಳು, ಇವರದು ಕಾರ್ಯದಿಂದ ಕೆಟ್ಟ ನಿದ್ರೆ. ಕಾಲವೆಂದರೆ ವಯಸ್ಸು. ಅರವತ್ತು ದಾಟಿದ ಮೇಲೆ ಗಾಢನಿದ್ರೆಯ ಅವಧಿ ಕಡಿಮೆಯಾಗುವುದೂ, ರಾತ್ರಿ ಒಂದೆರಡು ಬಾರಿ ಎಚ್ಚರವಾಗುವುದೂ ಸಹಜ. ಅದನ್ನು ರೋಗವೆಂದು ತಿಳಿದು ಅಂಜಬೇಕಾಗಿಲ್ಲ. ಮೊಣಕಾಲು ನೋವು, ಉಬ್ಬಸ, ಎದೆಯುರಿ, ಪದೇ ಪದೇ ಮೂತ್ರಕ್ಕೆ ಏಳುವುದು, ಥೈರಾಯ್ಡ್ ದೋಷ ಮುಂತಾದವು ವಿಕಾರಗಳು. ಇಲ್ಲಿ ಮೂಲ ರೋಗಕ್ಕೆ ಚಿಕಿತ್ಸೆಯಾಗದೆ ನಿದ್ರೆ ಸರಿಹೋಗದು. ಕೆಲವರ ಪ್ರಕೃತಿಯೇ ಅಲ್ಪನಿದ್ರೆಯದು. ಐದಾರು ಗಂಟೆ ಮಲಗಿ ಹಗಲೆಲ್ಲ ಉತ್ಸಾಹದಿಂದಿರುವವರಿಗೆ ಔಷಧದ ಅಗತ್ಯವಿಲ್ಲ. ಉಳಿದದ್ದು ವಾತ. ಉಪವಾಸ, ಅತಿಯಾದ ತಿರುಗಾಟ, ಒಣ ಆಹಾರ, ಶೋಕ, ಭಯ ಇವುಗಳಿಂದ ಕೆರಳಿದ ವಾತವು ರಜೋಗುಣದೊಡನೆ ಸೇರಿ ಮನಸ್ಸನ್ನು ಅಲೆಸುತ್ತದೆ. ರಾತ್ರಿಯ ಚಿತ್ತಚಾಂಚಲ್ಯಕ್ಕೆ ಆಯುರ್ವೇದ ಕೊಡುವ ವಿವರಣೆ ಇದು.

ಬೆನ್ನಟ್ಟಿದರೆ ದೂರ ಸರಿಯುವುದು

ಮನಸ್ಸು ದಣಿದು, ಇಂದ್ರಿಯಗಳು ತಮ್ಮ ವಿಷಯಗಳಿಂದ ಹಿಂದೆ ಸರಿದಾಗ ಮನುಷ್ಯನು ನಿದ್ರಿಸುತ್ತಾನೆ ಎಂಬುದು ಚರಕರ ನಿರೂಪಣೆ. ಇದರಲ್ಲಿ ಒಂದು ಮುಖ್ಯ ಸಂಗತಿಯಿದೆ. ಉಳಿದ ಕೆಲಸಗಳೆಲ್ಲ ಪ್ರಯತ್ನದಿಂದ ಕೈಗೂಡುತ್ತವೆ. ನಿದ್ರೆಯಾದರೋ ಪ್ರಯತ್ನವನ್ನು ಬಿಟ್ಟಾಗಲೇ ಬರುವಂಥದ್ದು. “ಈಗ ಹನ್ನೆರಡಾಯಿತು, ಇನ್ನು ಐದು ಗಂಟೆ ಮಾತ್ರ ಉಳಿಯಿತು” ಎಂದು ಗಡಿಯಾರ ನೋಡುತ್ತ ಮಲಗಿದವರ ಮನಸ್ಸು ಕಾವಲುಗಾರನಂತೆ ಎಚ್ಚರವಾಗಿಯೇ ಇರುತ್ತದೆ. ಕೆಲವು ವಾರಗಳಲ್ಲಿ ಮೂಲ ಚಿಂತೆ ಹಿಂದೆ ಬಿದ್ದು, ನಿದ್ರೆ ಬಾರದೆಂಬ ಭಯವೇ ಪ್ರಧಾನವಾಗುತ್ತದೆ.

ಚಿಕಿತ್ಸೆಗೆ ಬಂದಿದ್ದ ನಿವೃತ್ತ ಶಿಕ್ಷಕಿಯೊಬ್ಬರ ಉದಾಹರಣೆಯನ್ನು ಇಲ್ಲಿ ಹೇಳಬಹುದು. ಪತಿಯವರು ಲಿಂಗೈಕ್ಯರಾದ ಮೇಲೆ ಅವರಿಗೆ ನಿದ್ರೆ ಹೋಯಿತು. ಹೆಚ್ಚು ಹೊತ್ತು ಮಲಗಿದರೆ ಸ್ವಲ್ಪವಾದರೂ ಬಂದೀತೆಂದು ರಾತ್ರಿ ಎಂಟೂವರೆಗೇ ಹಾಸಿಗೆ ಸೇರಿ ಬೆಳಗಿನ ಐದೂವರೆಯವರೆಗೆ ಮಲಗಿರುತ್ತಿದ್ದರು. ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದರೂ ನಿದ್ರೆ ನಾಲ್ಕೈದು ಗಂಟೆಯಷ್ಟೇ. ವೈದ್ಯರು ಕೆಲವೇ ದಿನಕ್ಕೆಂದು ಬರೆದುಕೊಟ್ಟ ಮಾತ್ರೆಯನ್ನು ತಾವಾಗಿಯೇ ಎರಡು ವರ್ಷ ಮುಂದುವರಿಸಿ, ಒಂದನ್ನು ಎರಡಾಗಿಸಿದ್ದರು. ಒಂದು ರಾತ್ರಿ ಆ ಮಂಪರಿನಲ್ಲೇ ಬಚ್ಚಲಿಗೆ ಹೋಗುವಾಗ ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ನಾವು ಅವರಿಗೆ ಮೊದಲು ಹೇಳಿದ್ದು ಹೊಸ ಔಷಧವನ್ನಲ್ಲ. ಹತ್ತೂವರೆಗೆ ಮುಂಚೆ ಹಾಸಿಗೆಗೆ ಹೋಗಬಾರದು, ನಿದ್ರೆ ಬಂದಿರಲಿ ಬಿಡಲಿ ಐದಕ್ಕೆ ಏಳಬೇಕು, ಹಗಲು ಮಲಗಬಾರದು ಎಂಬುದನ್ನು. ಮಾತ್ರೆ ಬರೆದ ವೈದ್ಯರೇ ಹಲವು ತಿಂಗಳಲ್ಲಿ ಪ್ರಮಾಣವನ್ನು ಹಂತಹಂತವಾಗಿ ಇಳಿಸಿದರು. ಮೊದಲ ಎರಡು ವಾರ ಕಷ್ಟವಾಯಿತು. ಅನಂತರ ನಿದ್ರೆ ಒಂದೇ ಓಟಕ್ಕೆ ಬರತೊಡಗಿತು. ಈಗಲೂ ಕೆಲವು ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಪತಿಯ ನೆನಪೂ ಬರುತ್ತದೆ. ಆದರೆ ಆ ಎಚ್ಚರಕ್ಕೆ ಅವರು ಹೆದರುವುದಿಲ್ಲ.

ಹಗಲಿನ ಸಿದ್ಧತೆ

ರಾತ್ರಿಯ ನಿದ್ರೆಗೆ ಬೆಳಗಿನಲ್ಲೇ ಸಿದ್ಧತೆಯಾಗಬೇಕು. ದೇಹದೊಳಗೆ ಸೂರ್ಯನ ಗತಿಯನ್ನು ಅನುಸರಿಸುವ ಗಡಿಯಾರವೊಂದಿದೆ. ಅದು ನಡೆಯುವ ರೀತಿಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಪ್ರತಿದಿನ ಒಂದೇ ಹೊತ್ತಿಗೆ ಏಳುವುದು, ಎದ್ದ ಮೇಲೆ ಅರ್ಧ ಗಂಟೆ ಬಿಸಿಲು ಬೆಳಕಿನಲ್ಲಿ ನಡೆಯುವುದು, ಈ ಎರಡರಿಂದ ಆ ಗಡಿಯಾರ ಸರಿಹೊಂದುತ್ತದೆ. ಹಗಲುನಿದ್ರೆಯನ್ನು ಆಯುರ್ವೇದವು ಗ್ರೀಷ್ಮ ಋತುವಿನಲ್ಲಿಯೂ, ಬಾಲಕರು, ವೃದ್ಧರು, ದುರ್ಬಲರು ಮೊದಲಾದವರಿಗೂ ಮಾತ್ರ ಒಪ್ಪುತ್ತದೆ. ರಾತ್ರಿ ನಿದ್ರೆ ಬಾರದೆನ್ನುವ ವೃದ್ಧರಾದರೆ ಮಧ್ಯಾಹ್ನ ಅರ್ಧ ಗಂಟೆ ಮೀರದಂತೆ ನೋಡಿಕೊಳ್ಳಬೇಕು. ಹೊಲ ಕಾಯುವ ರೈತರು ನಿದ್ರೆಗೆಟ್ಟ ಅವಧಿಯ ಅರ್ಧದಷ್ಟನ್ನು ಮರುದಿನ ಬೆಳಿಗ್ಗೆ ಉಣ್ಣುವ ಮೊದಲೇ ಮಲಗಬೇಕೆಂದು ಅಷ್ಟಾಂಗ ಹೃದಯದಲ್ಲಿರುವ ಸೂಚನೆಯನ್ನು ಪಾಲಿಸಬಹುದು.

ಚಹಾ ಕಾಫಿಗಳಲ್ಲಿರುವ ಕೆಫೀನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿಯ ಅರ್ಧಾಂಶ ರಾತ್ರಿ ಹತ್ತಕ್ಕೂ ಕೆಲಸ ಮಾಡುತ್ತಿರುತ್ತದೆ. ಆದಕಾರಣ ಮಧ್ಯಾಹ್ನ ಎರಡರ ಮೇಲೆ ಅವನ್ನು ಬಿಡುವುದು ಒಳಿತು.

ಸಂಜೆಯ ಚರ್ಯೆ

ರಾತ್ರಿ ಊಟವನ್ನು ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲು, ಹಗುರವಾಗಿ ಮುಗಿಸಬೇಕು. ಹಾಗೆಂದು ಹಸಿದು ಮಲಗಬಾರದು. ಹಸಿವಿನಿಂದಲೂ ವಾತ ಕೆರಳುತ್ತದೆ. ನಿದ್ರೆ ತರುವ ದ್ರವ್ಯಗಳಲ್ಲಿ ಎಮ್ಮೆಯ ಹಾಲು ಶ್ರೇಷ್ಠವೆಂದು ಚರಕರು ಎಣಿಸಿದ್ದಾರೆ. ಜೀರ್ಣಶಕ್ತಿ ಚೆನ್ನಾಗಿರುವವರು ಒಂದು ಲೋಟ ಬೆಚ್ಚಗಿನ ಹಾಲು ಕುಡಿಯಬಹುದು. ನಮ್ಮ ಮನೆಗಳ ಗಸಗಸೆ ಪಾಯಸ ಉಂಡವರಿಗೆ ತೂಕಡಿಕೆ ಬರುವುದು ಎಲ್ಲರೂ ಕಂಡದ್ದೇ. ಸಕ್ಕರೆ ಕಾಯಿಲೆಯವರು ಬೆಲ್ಲವಿಲ್ಲದೆ, ಗಸಗಸೆ ಅರೆದ ಹಾಲನ್ನು ಮಿತವಾಗಿ ಸೇವಿಸಬಹುದು.

ಮಲಗುವ ಮೊದಲು ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಅಂಗಾಲುಗಳನ್ನು ಹತ್ತು ನಿಮಿಷ ತಿಕ್ಕಿ, ಒರೆಸಿಕೊಂಡು ಮಲಗುವುದು ಖರ್ಚಿಲ್ಲದ, ಉತ್ತಮವಾದ ವಾತಶಮನೋಪಾಯ. ಎಣ್ಣೆಗಾಲಿನಲ್ಲಿ ನೆಲದ ಮೇಲೆ ಜಾರದಂತೆ ವೃದ್ಧರು ಎಚ್ಚರ ವಹಿಸಬೇಕು. ಮೊಬೈಲನ್ನು ಮಲಗುವುದಕ್ಕೆ ಒಂದು ಗಂಟೆ ಮೊದಲು ಬೇರೆ ಕೋಣೆಯಲ್ಲಿಡಬೇಕು. ವಿದೇಶದ ಮಕ್ಕಳಿಗೆ ನಿಮ್ಮ ಬೆಳಗಿನ ಹೊತ್ತಿನಲ್ಲಿ ಕರೆ ಮಾಡಲು ತಿಳಿಸಿರಿ.

ಚಿಂತೆಗೂ ಒಂದು ಹೊತ್ತು ಗೊತ್ತುಮಾಡುವುದು ಹಿತಕರ. ಸಂಜೆ ಊಟಕ್ಕೆ ಮೊದಲು ಹದಿನೈದು ನಿಮಿಷ ಕುಳಿತು, ಮನಸ್ಸನ್ನು ಕೊರೆಯುವ ವಿಷಯಗಳನ್ನು ಹಾಳೆಯ ಮೇಲೆ ಬರೆಯಿರಿ. ನಾಳೆ ಮಾಡಬಹುದಾದದ್ದನ್ನು ಅದರ ಎದುರಿಗೆ ಬರೆಯಿರಿ. ನಿಮ್ಮ ಕೈಯಲ್ಲಿಲ್ಲದ್ದನ್ನು ಇಲ್ಲವೆಂದೇ ಬರೆಯಿರಿ. ರಾತ್ರಿ ಅದೇ ವಿಷಯ ಮರಳಿ ಬಂದಾಗ, ಅದು ಹಾಳೆಯಲ್ಲಿದೆ, ನಾಳೆ ನೋಡೋಣ ಎಂದು ಮನಸ್ಸಿಗೆ ಹೇಳಲು ಸಾಧ್ಯವಾಗುತ್ತದೆ.

ನಡುರಾತ್ರಿ ಎಚ್ಚರವಾದಾಗ

ಗಡಿಯಾರವನ್ನು ಕಣ್ಣಿಗೆ ಬೀಳದಂತೆ ತಿರುಗಿಸಿಡಿ. ಸುಮಾರು ಇಪ್ಪತ್ತು ನಿಮಿಷವಾಗಿರಬಹುದೆಂದು ತೋರಿದರೂ ನಿದ್ರೆ ಬಾರದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಬೇರೆಡೆ ಕುಳಿತುಕೊಳ್ಳಿ. ಹಾಸಿಗೆಯು ಹೊರಳಾಟದ ಜಾಗವೆಂದು ಮನಸ್ಸಿಗೆ ರೂಢಿಯಾಗಬಾರದೆಂಬುದೇ ಇದರ ಉದ್ದೇಶ. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುತ್ತ ಪಂಚಾಕ್ಷರಿಯನ್ನು ಜಪಿಸಬಹುದು. ಆದರೆ ನಿದ್ರೆ ಬಂತೇ ಎಂದು ನಡುನಡುವೆ ಪರೀಕ್ಷಿಸಬಾರದು. ಜಪವು ಜಪಕ್ಕಾಗಿಯೇ ನಡೆಯಲಿ. ಕಣ್ಣು ಎಳೆದಾಗ ಮರಳಿ ಮಲಗಿರಿ. ಒಂದು ರಾತ್ರಿ ನಿದ್ರೆ ಕಡಿಮೆಯಾದರೆ ಮರುದಿನ ಆಯಾಸವಾದೀತು, ಅನಾಹುತವೇನೂ ಆಗದು.

ಔಷಧಗಳ ವಿಷಯ

ಜಟಾಮಾಂಸಿ, ಬ್ರಾಹ್ಮಿ, ಅಶ್ವಗಂಧಗಳು ಹಾಗೂ ಶಿರೋಧಾರೆ, ಶಿರೋಭ್ಯಂಗಗಳು ಸಹಾಯಕವಾಗುತ್ತವೆ. ಆದರೆ ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ಭಾವಿಸಬಾರದು. ಅಶ್ವಗಂಧವು ಥೈರಾಯ್ಡ್ ಮತ್ತು ಯಕೃತ್ತಿನ ತೊಂದರೆಯುಳ್ಳವರಿಗೂ ಗರ್ಭಿಣಿಯರಿಗೂ ತಕ್ಕುದಲ್ಲ. ಸರ್ಪಗಂಧವು ರಕ್ತದೊತ್ತಡವನ್ನು ಇಳಿಸಬಲ್ಲದು, ಖಿನ್ನತೆಯನ್ನು ಹೆಚ್ಚಿಸಬಲ್ಲದು. ಅದನ್ನು ಸ್ವಂತ ತೀರ್ಮಾನದಿಂದ ಸೇವಿಸಲೇಬಾರದು. ಆಲ್ಪ್ರಜೋಲಾಮ್‌ನಂಥ ನಿದ್ರೆಮಾತ್ರೆಗಳು ಕೆಲವೇ ವಾರಗಳಲ್ಲಿ ಚಟವಾಗಬಲ್ಲವು. ಬಹುಕಾಲದಿಂದ ಸೇವಿಸುತ್ತಿರುವವರು ಈ ಲೇಖನವನ್ನು ಓದಿ ಒಮ್ಮೆಲೇ ನಿಲ್ಲಿಸಕೂಡದು. ಹಠಾತ್ತನೆ ಬಿಡುವುದು ಅಪಾಯಕರ.

ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾಗುವವರು, ಹಗಲು ಕುಳಿತಲ್ಲೇ ನಿದ್ರಿಸುವವರು, ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆಗೆಟ್ಟವರು ವೈದ್ಯರನ್ನು ಕಾಣಲೇಬೇಕು. ಬೆಳಗಿನ ಜಾವವೇ ಎಚ್ಚರವಾಗಿ, ಊಟ ಬೇಡವಾಗಿ, ಬದುಕೇ ಬೇಡವೆನಿಸುತ್ತಿದ್ದರೆ ಅದು ನಿದ್ರೆಯ ದೋಷವಷ್ಟೇ ಅಲ್ಲ, ಖಿನ್ನತೆಯ ಲಕ್ಷಣವೂ ಆಗಿರಬಹುದು. ಅಂಥವರು ಅದೇ ರಾತ್ರಿ ಮನೆಯವರನ್ನು ಎಬ್ಬಿಸಿ ಹೇಳಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯವರಲ್ಲಿಯೂ ನಮ್ಮದೊಂದು ವಿನಂತಿ: ರಾತ್ರಿ ಹಿರಿಯರ ಕೋಣೆಯಲ್ಲಿ ದೀಪ ಪದೇ ಪದೇ ಹೊತ್ತುತ್ತಿದ್ದರೆ, ಬೆಳಿಗ್ಗೆ ಒಂದು ಗಳಿಗೆ ಅವರ ಬಳಿ ಕುಳಿತು, ಯಾವ ಚಿಂತೆ ಕಾಡುತ್ತಿದೆಯೆಂದು ವಿಚಾರಿಸಿರಿ.