ನೆಗಡಿ ಬಂದ ಮನೆ

ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳಬಹುದೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಅದರ ಅರ್ಥ ನನಗೆ ಮನದಟ್ಟಾದುದು ಮಾತ್ರ ಕಳೆದ ಆಷಾಢದಲ್ಲಿ. ಮೊದಲು ನಾಲ್ಕು ವರ್ಷದ ಮಗಳಿಗೆ ನೆಗಡಿ ಹಿಡಿಯಿತು. ಎರಡು ದಿನಗಳ ತರುವಾಯ ನನಗೆ. ತರಗತಿಯಲ್ಲಿ ಪಂಪನನ್ನು ಓದಬೇಕಾದ ಕಂಠದಿಂದ ಕಪ್ಪೆಯ ಸ್ವರ ಹೊರಟಿತು.

ಮಗು ಮೂಗು ಕಟ್ಟಿ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಅಳುತ್ತಿದ್ದಿತು. ಸಿಂಬಳ ಹಳದಿಗೆ ತಿರುಗಿದುದನ್ನು ಕಂಡು ನನ್ನ ಧೈರ್ಯ ಉಡುಗಿತು. ಹಿಂದೊಮ್ಮೆ ನನಗಾಗಿ ತಂದು ಮಿಕ್ಕಿದ್ದ ಆಂಟಿಬಯಾಟಿಕ್ ಮಾತ್ರೆಯನ್ನು ಅರ್ಧ ಮುರಿದು ಜೇನಿನಲ್ಲಿ ತೇಯಲು ಹೊರಟೆ.

"ಡಾಕ್ಟರನ್ನು ಕೇಳದೆ ಮಗುವಿಗೆ ಏನೂ ಕೊಡಬೇಡ ಕಣಪ್ಪ. ನೀನು ಓದಿರೋದು ಕನ್ನಡ ಎಂ.ಎ.!" ಎಂದು ನನ್ನ ತಾಯಿ ಕೈ ಹಿಡಿದರು.

ಡಾಕ್ಟರು ಮಗುವನ್ನು ಪರೀಕ್ಷಿಸಿ, ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿದರು. ನಾವು 'ಶೀತ' ಎಂದು ಕರೆದರೂ ಈ ಕಾಯಿಲೆಯ ಮೂಲ ಚಳಿಯಲ್ಲ, ವೈರಸ್. ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ 1946ರಲ್ಲಿ ನೆಗಡಿಗೆಂದೇ ತೆರೆದ ಸಂಶೋಧನಾ ಕೇಂದ್ರವು ನಾಲ್ಕು ದಶಕಗಳಿಗೂ ಮಿಕ್ಕಿ ದುಡಿಯಿತು. ಆದರೂ ನೆಗಡಿಯನ್ನು ನೀಗುವ ಔಷಧ ದೊರೆಯಲಿಲ್ಲ. ಮುಖ್ಯ ಅಪರಾಧಿಯಾದ ರೈನೋವೈರಸ್ಸಿನಲ್ಲೇ ನೂರೈವತ್ತಕ್ಕೂ ಹೆಚ್ಚು ಬಗೆಗಳಿವೆ. ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಗಳನ್ನು, ವೈರಸ್ಸನ್ನಲ್ಲ. ವೃಥಾ ನುಂಗಿದರೆ ಬ್ಯಾಕ್ಟೀರಿಯಗಳು ಅದಕ್ಕೆ ಮಣಿಯದಷ್ಟು ಬಲಿತು, ನಿಜವಾಗಿ ಬೇಕಾದ ದಿನ ಔಷಧವೇ ಸೋಲುತ್ತದೆ. ಹಳದಿ ಬಣ್ಣವೊಂದರಿಂದಲೇ ಹೆದರಬೇಕಾದುದಿಲ್ಲ. ಅದು ದೇಹವು ಹೋರಾಡುತ್ತಿರುವುದರ ಗುರುತು.

ಹಾಗಾದರೆ ಮನೆಯ ಮದ್ದು ವ್ಯರ್ಥವೆ? ಖಂಡಿತ ಅಲ್ಲ. ಅದು ವೈರಸ್ಸನ್ನು ಕೊಲ್ಲದು. ದೇಹ ತಾನೇ ಗೆಲ್ಲುವವರೆಗೆ ರೋಗಿಯ ಕಷ್ಟವನ್ನು ಹಗುರಗೊಳಿಸುತ್ತದೆ. ಅಮ್ಮನ ಮೆಣಸಿನ ಸಾರು, ಬಿಸಿ ಗಂಜಿ, ಶುಂಠಿ-ಜೀರಿಗೆ-ಬೆಲ್ಲದ ಕಷಾಯ ಇವು ಗಂಟಲಿಗೆ ಹಿತ. ದೇಹಕ್ಕೆ ಬೇಕಾದ ನೀರನ್ನೂ ಒದಗಿಸುತ್ತವೆ. ಮಲಗುವ ಮುನ್ನ ಒಂದು ಚಮಚ ಜೇನು ಕೆಮ್ಮನ್ನು ತಗ್ಗಿಸುತ್ತದೆ. ಆದರೆ ವರ್ಷ ತುಂಬದ ಕೂಸಿಗೆ ಜೇನು ಸರ್ವಥಾ ಕೂಡದು. ದೊಡ್ಡವರು ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಬಾಯಿ ಮುಕ್ಕಳಿಸಬಹುದು. ಎಲ್ಲಕ್ಕಿಂತ ಮೇಲಾದುದು ವಿಶ್ರಾಂತಿ.

ಅಮ್ಮನೂ ಒಮ್ಮೆ ಎಡವಿದರು. ಹಬೆ ಹಿಡಿಸಲೆಂದು ಕುದಿಯುವ ನೀರಿನ ಪಾತ್ರೆಯನ್ನು ನೆಲದ ಮೇಲಿಟ್ಟು ಕಂಬಳಿ ತರಲು ಹೋದಾಗ, ಮಗು ಅದರ ಅಂಚಿಗೆ ಕೈಯಿಟ್ಟಿತು. ನನ್ನ ಮಡದಿ ಓಡಿಬಂದು ಎಳೆದುಕೊಂಡಳು. ಒಂದು ಕ್ಷಣ ತಡವಾಗಿದ್ದರೆ ನೆಗಡಿಯ ಮನೆ ಸುಟ್ಟ ಗಾಯದ ಮನೆಯಾಗುತ್ತಿತ್ತು. ಅಂದಿನಿಂದ ಹಬೆಯ ಪಾತ್ರೆ ಅಮ್ಮನಿಂದಲೂ, ಮಾತ್ರೆಯ ಡಬ್ಬಿ ನನ್ನಿಂದಲೂ ದೂರವಾದವು. ಅಂಗಡಿಯ ಸಿರಪ್ಪಿನ ವಿಷಯದಲ್ಲಿಯೂ ಎಚ್ಚರ ಅಗತ್ಯ: ನೆಗಡಿಗೆಂದು ಮಾರುವ ಒಂದು ಮಿಶ್ರ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ನಮ್ಮ ದೇಶದ ಔಷಧ ನಿಯಂತ್ರಣಾಧಿಕಾರಿಗಳು 2023ರಲ್ಲಿ ಎಚ್ಚರಿಸಿದರು.

ನೆಗಡಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ. ಕೆಮ್ಮು ಇನ್ನೂ ಕೆಲವು ದಿನ ಉಳಿಯಬಹುದು. ಮಗುವಿನ ಉಸಿರಾಟ ವೇಗವಾದರೆ, ಉಸಿರೆಳೆದಾಗ ಎದೆಯ ಗೂಡು ಒಳಸೇರಿದರೆ, ಹಾಲು-ನೀರು ಮುಟ್ಟದಿದ್ದರೆ, ಮಂಪರು ಕವಿದರೆ ಒಡನೆಯೇ ವೈದ್ಯರಲ್ಲಿಗೆ ಹೋಗಬೇಕು. ಜ್ವರ ಮೂರು ದಿನ ಮೀರಿದರೂ, ಕಿವಿ ನೋವು ಬಂದರೂ ಮನೆಯ ಮದ್ದನ್ನೇ ನೆಚ್ಚಿ ಕೂಡಬಾರದು.

ಮಡದಿ ಮಾತ್ರ ಗಳಿಗೆಗೊಮ್ಮೆ ಸೋಪಿನಿಂದ ಕೈ ತೊಳೆದು, ನಮ್ಮಿಂದಲೂ ತೊಳೆಯಿಸಿ, ನೆಗಡಿಯಿಂದ ಪಾರಾದಳು. ಎಂಟನೆಯ ದಿನ ಮಗಳು ಅಂಗಳದಲ್ಲಿ ಕುಣಿದಳು. ಗುಣವಾದುದು ಕಷಾಯದಿಂದಲೇ ಎಂದು ಅಮ್ಮ ಇಂದಿಗೂ ನಂಬಿದ್ದಾರೆ. ರಾತ್ರಿಯೆಲ್ಲ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವರೊಡನೆ ವಾದಿಸುವುದು ಹೇಗೆ? ನನ್ನ ಕಂಠವಂತೂ ಮತ್ತೆ ಮೂರು ದಿನ ಕಪ್ಪೆಯದಾಗಿಯೇ ಉಳಿಯಿತು. ವಿದ್ಯಾರ್ಥಿಗಳು ದುಃಖಪಟ್ಟಂತೆ ಕಾಣಲಿಲ್ಲ.